ಎಪ್ಪತ್ತೊಂದು ಕಿಲೋ ಯಾರದ್ದು

3 ನವೆಂಬರ್ 2025, ಸೋಮವಾರ

ಮಗುವಿನ ವರದಿಯನ್ನು ಕನ್ನಡದಲ್ಲಿ ತಾಯಿಯ ಕೈಗೇ ಕೊಡುತ್ತೇವೆ ಎಂದರು ಸಂಶೋಧನೆಯವರು. ಕೊಡಲಿಲ್ಲ. ಡಾಕ್ಟರೇ ಬಂದು ಕೂತು ಬಿಡಿಸಿ ಹೇಳುತ್ತಾರೆ ಎಂದರು. ಬರಲಿಲ್ಲ. ಯಾರ ಹೆಸರೂ ಹೊರಗೆ ಬೀಳುವುದಿಲ್ಲ ಎಂದರು. ಬಿತ್ತು. ಬೇಡವೆನಿಸಿದರೆ ಯಾವತ್ತು ಬೇಕಾದರೂ ಹಿಂದೆ ಸರಿಯಬಹುದು ಎಂದರು. ಸರಿಯುತ್ತೇವೆಂದ ಮೂವರು ಹೆಂಗಸರಿಗೆ ‘ಆಮೇಲೆ ನೋಡೋಣ’ ಎಂಬ ಉತ್ತರ ಸಿಕ್ಕಿತು.

ನಮ್ಮ ಆಶಾ ಸಂಘದಲ್ಲಿ ಕಲಿತ ಮೊದಲ ಪಾಠ ಇದು. ಸಿಟ್ಟು ಬಂದಾಗ ಮೊದಲು ಬರೆದಿಡು, ಆಮೇಲೆ ಕೂಗು.

ಸಂಶೋಧನೆಯವರ ವ್ಯಾನು ಹೋದ ತಿಂಗಳು ಕ್ಯಾತನಹಳ್ಳಿಗೆ ಬಂದಿತ್ತು. ಒಂಬತ್ತು ವರ್ಷದ ಆಸುಪಾಸಿನ ಮಕ್ಕಳನ್ನು ಯಂತ್ರದ ಮೇಲೆ ನಿಲ್ಲಿಸಿ ಮೈಯಲ್ಲಿ ಕೊಬ್ಬು ಎಷ್ಟು, ಮಾಂಸಖಂಡ ಎಷ್ಟು ಎಂದು ಅಳೆದರು. ಆ ಮಕ್ಕಳ ತಾಯಂದಿರು ಬಸುರಾಗುವುದಕ್ಕೆ ಮುಂಚೆ ಎಷ್ಟು ತೂಕವಿದ್ದರು ಎಂಬುದನ್ನು ಹನ್ನೊಂದು ವರ್ಷದ ಹಿಂದೆಯೇ ಬರೆದಿಟ್ಟುಕೊಂಡಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು, ತಾಯಿಯ ಅಂದಿನ ತೂಕಕ್ಕೂ ಮಗುವಿನ ಇಂದಿನ ಮೈಗೂ ನಂಟಿದೆಯೇ ಎಂದು ನೋಡುತ್ತಾರಂತೆ. ಮಕ್ಕಳನ್ನು ವ್ಯಾನಿನ ತನಕ ಕರೆದೊಯ್ಯುವುದು ಆಶಾ ಕಾರ್ಯಕರ್ತೆಯಾದ ನನ್ನ ಪಾಲಿನ ಕೆಲಸ. ಅಂದು ತೂಕ ಹಾಕುವಾಗ ಮನೆ ತೋರಿಸಿದವಳೂ ನಾನೇ.

ಇವತ್ತು ಚೀಟಿಗಳು ಬಂದವು. ಹನ್ನೊಂದು ಚೀಟಿಗೆ ಒಂದು ರಬ್ಬರ್ ಬ್ಯಾಂಡು ಹಾಕಿ ಅಂಗನವಾಡಿಯ ಕಿಟಕಿಯಲ್ಲಿ ಇಟ್ಟು ಹೋಗಿದ್ದಾರೆ. ಬೈರಮ್ಮ ತನ್ನ ಮನೆಯದನ್ನು ಹುಡುಕಿ ತೆಗೆದುಕೊಂಡು ಸೀದಾ ಡೇರಿಗೆ ಬಂದಳು. ಹಾಲಿನ ಸಾಲಿನಲ್ಲಿ ಅರ್ಧ ಊರು ನಿಂತಿತ್ತು. ಓದು ಎಂದು ಡೇರಿ ಸೆಕ್ರೆಟರಿ ದ್ಯಾವಯ್ಯನ ಕೈಗೆ ಕೊಟ್ಟಳು. ಅವನು ಹಾಲಿನ ಫ್ಯಾಟು ಕೂಗುವ ದನಿಯಲ್ಲೇ ಓದಿದ. ಮಗು ಅನು, ಮೈಯಲ್ಲಿ ಕೊಬ್ಬು ಹೆಚ್ಚು. ತಾಯಿ ತನುಶ್ರೀ, ಬಸುರಾಗುವ ಮುಂಚಿನ ತೂಕ ಎಪ್ಪತ್ತೊಂದು ಕಿಲೋ.

“ಎಸ್ಸೆನ್ನೆಫ್ಪು ಎಷ್ಟು ಬಂದದೆ ಓದ್ಲಾ ದ್ಯಾವಯ್ಯ” ಎಂದ ಒಬ್ಬ, ಹಾಲಿನ ಗಟ್ಟಿ ಅಂಶ ಕೇಳುವವನ ಹಾಗೆ.

“ಅಸೂಗ್ ಫ್ಯಾಟ್ ಬಂದ್ರೆ ರೇಟು ಜಾಸ್ತಿ, ಮಗೀಗ್ ಬಂದ್ರೆ ಬಯ್ಗುಳ ಜಾಸ್ತಿ ಕಣ್ಲಾ” ಎಂದ ಇನ್ನೊಬ್ಬ.

ಬೈರಮ್ಮ ನಗಲಿಲ್ಲ. “ಎಪ್ಪತ್ತೊಂದು ಕಿಲೋ ಇದ್ಲಂತೆ ಕಣ್ರಪ್ಪ ನಮ್ಮಟ್ಟಿಗ್ ಬಂದಾಗ. ಮಗ ತಂದಿದ್ ಎಣ್ಣು, ನಾನೇನ್ ತಕ್ಕಡಿಗ್ ಆಕಿದ್ನಾ? ಈಗ ನೋಡಿ, ಮಗೀಗೂ ಅಂಟುಸ್‌ಬುಟ್ಟವ್ಳೆ.”

ಬೈರಮ್ಮನ ಸೊಸೆ ತನುಶ್ರೀ ಕ್ಯಾನು ಹಿಡಿದು ಅದೇ ಸಾಲಿನಲ್ಲಿ ನಿಂತಿದ್ದಳು. ಹಾಲು ಹಾಕಿದಳು, ಕ್ಯಾನು ತೊಳೆದಳು, ಹೋದಳು.

ಇದರ ಹಿಂದೆ ಏನೋ ಇದೆ. ನನಗೆ ವಾಸನೆ ಬರುತ್ತಿದೆ.

5 ನವೆಂಬರ್, ಬುಧವಾರ

ತನುಶ್ರೀ ಬಂದಿದ್ದಳು. ಮಾತ್ರೆ ಬೇಕು ಎಂದಳು, ಮಾತ್ರೆ ಕೇಳಲು ಬಂದವಳ ಮುಖ ಅದಾಗಿರಲಿಲ್ಲ.

“ಅಕ್ಕ, ಅನೂನ ಬೆಳ್ಳೂರು ಕ್ರಾಸ್‌ಗೆ ಕಳುಸ್ತಾರಂತೆ. ನಮ್ಮತ್ತಿಗೆ ಮನೇಗೆ. ಸ್ಕೂಲಲ್ಲಿ ಟೀಸೀನೂ ಕೇಳವ್ರೆ.”

ಅತ್ತಿಗೆ ಎಂದರೆ ಬೈರಮ್ಮನ ಮಗಳು ಚಂದ್ರಕಲಾ. ಅಲ್ಲಿ ಗಂಡನ ಜೊತೆ ಹೋಟೆಲ್ ನಡೆಸುತ್ತಾಳೆ. ಬೆಳಿಗ್ಗೆ ಐದಕ್ಕೆ ಎದ್ದು ವಾಕಿಂಗು, ಕಡ್ಡಿಯಂಥ ಮೈ. ಊರಿಗೆ ಬಂದರೆ ಎಲ್ಲರ ಹೊಟ್ಟೆ ನೋಡಿಯೇ ಮಾತಾಡಿಸುವುದು.

“ನಿನ್ನ ಗಂಡ ಏನಂದ?”

“ಅವ್ರೇನಂತಾರೆ. ‘ಒಂದ್ವರ್ಸ ಇದ್ದು ತೆಳ್ಳಗಾಗ್ ಬರ್ಲಿ ಬುಡು’ ಅಂದ್ರು. ನನ್ ಕೈ ಊಟ ಇಸ ಅನ್ನಂಗೆ ಆಡ್ತಾವ್ರೆ ಅಕ್ಕ. ಅನ್ನದ ಕೈ ಈಗ ಅತ್ತೇದು. ಮಗೀಗೆ ಅರ್ಧ ಮುದ್ದೆ ಇಕ್ಕಿ, ‘ಏಳೇ ಸಾಕು’ ಅಂತಾರೆ. ಅದು ತಟ್ಟೆ ನೆಕ್ತಾ ಕೂತಿರ್ತದೆ.”

ಅನುಗೆ ಇನ್ನೆರಡು ತಿಂಗಳಿಗೆ ಹತ್ತು ತುಂಬುತ್ತದೆ. ಗುಂಡಗಿದ್ದಾಳೆ, ನಿಜ. ಓಟದಲ್ಲಿ ಗಂಡುಮಕ್ಕಳನ್ನು ಹಿಂದೆ ಹಾಕುತ್ತಾಳೆ, ಅದೂ ನಿಜ. ಚೀಟಿಯಲ್ಲಿ ಓಟದ ಕಾಲಂ ಇಲ್ಲ.

ಹೋಗುವಾಗ ತನುಶ್ರೀ ತಿರುಗಿ ನಿಂತಳು. “ಅಕ್ಕ, ನಾನು ಎಪ್ಪತ್ತೊಂದು ಇರ್ಲೇ ಇಲ್ಲ ಕಣಕ್ಕ. ನನ್ನ ಯಾರೂ ತೂಕ ಹಾಕ್ದಂಗೂ ಗ್ಯಾಪಕ ಇಲ್ಲ. ಮದ್ವೆ ಫೋಟೋ ತೋರುಸುದ್ರೆ ಅತ್ತೆ, ‘ಫೋಟೋದವ್ನು ಕಂಪ್ಯೂಟರಲ್ಲಿ ಸಣ್ಣ ಮಾಡವ್ನೆ’ ಅಂತಾರೆ.”

ಈಗ ಅವಳಿಗೆ ಮೈ ಬಂದಿದೆ. ಎರಡು ಹೆರಿಗೆ, ಒಂದು ಆಪರೇಷನ್ನು. ಮದುವೆಯಾಗಿ ಬಂದ ತನುಶ್ರೀ ಹೇಗಿದ್ದಳು ಎಂದು ನೆನೆದೆ. ನನ್ನ ಕಣ್ಣಲ್ಲೂ ಉಳಿದಿಲ್ಲ. ಅಚ್ಚಾದ ಅಂಕಿಯ ಮುಂದೆ ಕಂಡದ್ದೂ ಮರೆಯುತ್ತದೆ. ಅಂಕಿ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು.

7 ನವೆಂಬರ್, ಶುಕ್ರವಾರ

ಪಾಂಡವಪುರ. ವ್ಯಾನು ಅಲ್ಲಿ ನಿಂತಿದೆ ಎಂದು ತಿಳಿದು ಹೋದೆ. ಡಾಕ್ಟರ್ ರಘುನಂದನ್ ಇದ್ದರು. ಪಕ್ಕದಲ್ಲಿ ಅವರ ಮೇಲ್ವಿಚಾರಕಿ ಮೆಹನಾಜ್, ಶ್ರೀರಂಗಪಟ್ಟಣದ ಹುಡುಗಿ, ಕೆಲಸಕ್ಕೆ ಸೇರಿ ಮೂರು ವರ್ಷವಾಯಿತಂತೆ. ನಿಂತೇ ಮಾತಾಡಿದೆ. ಕೂತರೆ ಟೀ ತರಿಸುತ್ತಾರೆ, ಟೀ ಕುಡಿದರೆ ಅರ್ಧ ಹೋರಾಟ ಮುಗಿಯಿತು.

ಚೀಟಿ ಕಿಟಕಿಯಲ್ಲಿ ಬಿದ್ದಿದ್ದು ಹೇಗೆ ಎಂದೆ. ತಪ್ಪಾಗಿದೆ ಎಂದರು. ತಪ್ಪಾಗಿದೆ ಅಂದರೆ ಯಾರು ಮಾಡಿದ್ದು ಎಂದೆ. ಮೆಹನಾಜ್ ತಲೆ ತಗ್ಗಿಸಿದಳು.

“ನೋಡಿ ಜಯಶೀಲಾ, ಇದು ನೂರಾರು ತಾಯಂದಿರನ್ನ ಒಟ್ಟಿಗೆ ಇಟ್ಟು ನೋಡೋ ವಿಷಯ. ತಾಯಿ ಗರ್ಭಿಣಿ ಆಗೋ ಮುಂಚೆ ತೂಕ ಹೆಚ್ಚಿದ್ದ ಕಡೆ ಮಕ್ಕಳಲ್ಲಿ ಕೊಬ್ಬಿನ ಪಾಲು ಸ್ವಲ್ಪ ಹೆಚ್ಚಿರಬಹುದು. ತೀರಾ ಕಡಿಮೆ ಇದ್ದ ಕಡೆ ಮಾಂಸಖಂಡ ಕಡಿಮೆ ಬೆಳೆದಿರಬಹುದು. ಆದ್ರೆ ಒಂದು ಮಗುವನ್ನ ಹಿಡಕೊಂಡು, ನಿಮ್ಮಮ್ಮನಿಂದ ಹೀಗಾದೆ ಅನ್ನೋಕೆ ಬರಲ್ಲ.”

“ಬರಲ್ಲ ಅನ್ನೋದು ಗೊತ್ತಿದ್ದೂ ತಾಯಿ ತೂಕ, ಮಗು ಕೊಬ್ಬು ಎರಡನ್ನೂ ಒಂದೇ ಚೀಟೀಲಿ ಯಾಕ್ ಅಚ್ಚು ಹಾಕ್ಸುದ್ರಿ?”

ಡಾಕ್ಟರು ಮೆಹನಾಜ್ ಕಡೆ ನೋಡಿದರು.

“ಅಪ್ಪನ ತೂಕ ಎಲ್ಲಿ? ಮಗು ಬರೀ ಅವ್ವನ ಮೈಯಿಂದ ಉದುರ್ತಾ?”

“ಆಗ ಅದನ್ನ ತಗೊಂಡಿರಲಿಲ್ಲ” ಎಂದರು. ಮೆತ್ತಗೆ ಎಂದರು. ಮೆತ್ತಗಿನ ದನಿಯನ್ನು ನಾನು ಯಾವತ್ತೂ ನಂಬಿದವಳಲ್ಲ.

ತಕ್ಕಡಿಗೆ ಹತ್ತಿಸಬೇಕಾದ್ದು ಹೆಣ್ಣನ್ನೇ. ಮದುವೆಗೆ ಮುಂಚೆ ಅವಳ ಮೈ ಹೇಗಿತ್ತು ಎಂಬುದನ್ನು ಅವಳು ತೀರ್ಮಾನಿಸಿದ್ದಳೇ? ಎಲ್ಲರ ಊಟವಾದ ಮೇಲೆ ತಳ ಕೆರೆದು ತಿಂದವಳು ಅವಳು. ಕಡ್ಡಿಯಾದರೂ ತಪ್ಪು, ಗುಂಡಗಾದರೂ ತಪ್ಪು. ಈಗ ಅದಕ್ಕೆ ಯಂತ್ರದ ಸಾಕ್ಷಿ ಬೇರೆ. ಈ ಎಪ್ಪತ್ತೊಂದು ಎಲ್ಲಿಂದ ಬಂತು ಎಂದು ಹಿಡಿದೇ ತೀರುತ್ತೇನೆ. ತಮಗೆ ಬೇಕಾದ ಉತ್ತರ ಬರಲಿ ಎಂದು ಕೂತ ಜಾಗದಲ್ಲೇ ತಿದ್ದಿದ್ದಾರೆ. ಇದು ನನ್ನ ಗುಮಾನಿ.

9 ನವೆಂಬರ್, ಭಾನುವಾರ

ನನ್ನ ಗಂಡ ರಂಗಸ್ವಾಮಿ ಆಲೆಮನೆಯಿಂದ ಬೆಲ್ಲದ ಪಾಕ ತಂದಿದ್ದ. “ತಿನ್ನು. ನೀನು ಊರೋರ್ ಮೇಲೆಲ್ಲ ಗುಮಾನಿ ಪಟ್ಕಂಡು ಸೊರಗ್ಬುಟ್ಟಿದ್ದೀಯ” ಎಂದ. ಯಾವತ್ತೂ ತರದವನು ಇವತ್ತೇ ಯಾಕೆ ತಂದೆ ಎಂದು ಕೇಳಿದೆ. ಎದ್ದು ಹೋದ.

12 ನವೆಂಬರ್, ಬುಧವಾರ

ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸಿ ಬೂಕನಕೆರೆಗೆ ಹೋಗಿಬಂದೆ. ತನುಶ್ರೀಯ ತವರು. ಚೊಚ್ಚಲ ಹೆರಿಗೆ ತವರಲ್ಲೇ ಆದದ್ದು, ತಾಯಿ ಕಾರ್ಡು ಅಲ್ಲೇ ಇರಬೇಕು ಎಂದು ಹೊಳೆದಿತ್ತು. ಬಸುರಿ ಮೊದಲ ಸಲ ತೋರಿಸಿಕೊಂಡಾಗ ತೂಕ ಹಾಕಿ ಬರೆಯುವ ಕಾರ್ಡು ಅದು.

ತನುಶ್ರೀಯ ತಾಯಿ ಟ್ರಂಕು ತೆಗೆದರು. ಮಗಳ ಲಂಗ, ಹತ್ತನೇ ತರಗತಿಯ ಅಂಕಪಟ್ಟಿ, ಅದರಡಿಯಲ್ಲಿ ಕಾರ್ಡು.

“ಎಪ್ಪತ್ತೊಂದಾ? ನಮ್ ಎಣ್ಣಾ?” ಎಂದು ಆ ತಾಯಿ ನಕ್ಕರು. “ಮದ್ವೇಲಿ ರವಿಕೆ ಮೂರ್ ಕಡೆ ಇಡುದ್ ಒಲ್ಸಿದ್ದೀನಿ ಕಣವ್ವ. ಕಡ್ಡಿ ಅಂಗಿದ್ಲು. ಮೊದಲ್ನೇ ಆಷಾಢುಕ್ ಬಂದಾಗ ತಿಂಗ್ಳುಗಟ್ಲೆ ಇಲ್ಲೇ ಮಡೀಕಂಡು ತುಪ್ಪ ತಿನ್ಸುದ್ರೂ ಎರಡ್ ಬೆಳ್ಳಷ್ಟೂ ಮೈ ತುಂಬ್ನಿಲ್ಲ.”

ಕಾರ್ಡಿನಲ್ಲಿದೆ: 2015ರ ಜುಲೈ, ಮೂರು ತಿಂಗಳ ಬಸುರಿ, ನಲವತ್ತೊಂಬತ್ತು ಕಿಲೋ.

ಸಂಶೋಧನೆಯವರ ಪ್ರಕಾರ ಅದಕ್ಕೆ ಒಂದು ವರ್ಷ ಮುಂಚೆ ಎಪ್ಪತ್ತೊಂದು. ಇಪ್ಪತ್ತೆರಡು ಕಿಲೋ ಎಲ್ಲಿಗೆ ಹೋಯಿತು? ಬೈರಮ್ಮನ ಮನೆಯ ಬೇಲಿಗೆ ಒಣಹಾಕಿದ್ದರೇ?

ಸಿಕ್ಕಿಬಿದ್ದರು. ಬಸ್ಸಿನಲ್ಲಿ ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಕಂಡಕ್ಟರು ಮದುವೆ ಕಾಗದವಾ ಎಂದ. ಹೌದು ಎಂದೆ. ಸಂಘದ ಅಕ್ಕಂದಿರಿಗೆ ಫೋನು ಮಾಡಿದೆ. ಪತ್ರಿಕೆಯವರನ್ನು ಕರೆಯೋಣ ಎಂದರು. ಮೊದಲು ಅವರ ಬಾಯಿಂದಲೇ ಕೇಳಿಬರುತ್ತೇನೆ ಎಂದೆ.

14 ನವೆಂಬರ್, ಶುಕ್ರವಾರ

ಶ್ರೀರಂಗಪಟ್ಟಣ. ಅವರ ಕಚೇರಿ.

ಕಾರ್ಡನ್ನು ಮೇಜಿನ ಮೇಲೆ ಬಡಿದೆ. ಹಳೇ ಫಾರಂ ತೋರಿಸಿ, ಕಂಪ್ಯೂಟರಿನದಲ್ಲ, ಕೈಬರಹದ್ದು ಎಂದೆ. ಮೆಹನಾಜ್ ಒಳಗೆ ಹೋಗಿ ಧೂಳು ಹಿಡಿದ ಕಟ್ಟು ತಂದಳು. ಕ್ಯಾತನಹಳ್ಳಿ, 12-7-2014. ಹಾಳೆ ನನ್ನ ಕಡೆ ತಿರುಗಿಸಿದಳು.

“ಅಕ್ಕಾ, ಇದು ನಿಮ್ ಸಹಿ ಅಲ್ವಾ?”

ಹನ್ನೊಂದು ಹೆಸರು. ಹನ್ನೊಂದು ತೂಕ. ನನ್ನ ಸಹಿ.

ನಾನು ಬರೀ ಮನೆ ತೋರಿಸಿದ್ದು ಎಂದೆ. “ಆವತ್ತು ನಮ್ ಆಫೀಸಿಂದ ಯಾರೂ ಬಂದಿಲ್ಲ ಅಕ್ಕಾ. ಮಷೀನು ನಿಮ್ ಕೈಗೇ ಕೊಟ್ಟಿದ್ದಾರೆ. ಇಲ್ಲೇ ಬರ್ದಿದೆ ನೋಡಿ” ಎಂದಳು.

ಬಸ್ ಸ್ಟ್ಯಾಂಡಿಗೆ ನಡೆದೇ ಬಂದೆ. ಕಾರ್ಡು ಅವಳ ಮೇಜಿನ ಮೇಲೇ ಉಳಿಯಿತು.

15 ನವೆಂಬರ್, ಶನಿವಾರ

ನಕಲು ಮಾಡಿದ್ದಾರೆ. ಇಂಥವರಿಗೆ ಒಂದು ಸಹಿ ನಕಲು ಮಾಡುವುದು ಯಾವ ದೊಡ್ಡ ಮಾತು.

ಮಧ್ಯಾಹ್ನ: ನಿನ್ನೆ ಅಲ್ಲೇ ಮೊಬೈಲಿನಲ್ಲಿ ತೆಗೆದುಕೊಂಡಿದ್ದ ಫಾರಂನ ಫೋಟೋವನ್ನು ಈ ಪುಸ್ತಕದ ಪಕ್ಕ ಇಟ್ಟು ನೋಡಿದೆ. ಏಳನ್ನು ನಡುವೆ ಅಡ್ಡಗೆರೆ ಎಳೆದು ಬರೆಯುವುದು ನಮ್ಮ ಊರಲ್ಲಿ ನಾನೊಬ್ಬಳೇ. ಮೇಷ್ಟರು ಬೈದರೂ ಬಿಟ್ಟಿರಲಿಲ್ಲ.

17 ನವೆಂಬರ್, ಸೋಮವಾರ

ಚಿಕ್ಕಸ್ವಾಮಿ ಮಗಳ ಟೀಸಿ ತಂದ. ತನುಶ್ರೀಯ ಗಂಡ ಅವನು, ಕೆಟ್ಟವನಲ್ಲ. ಕೆಟ್ಟವನಾಗಲು ಬೇಕಾದ ಧೈರ್ಯವೂ ಇಲ್ಲದವನು. ಸಂಜೆಯ ಬಸ್ಸಿಗೆ ಅನುವನ್ನು ಹತ್ತಿಸಿಕೊಂಡು ಹೋದ. ನಮ್ಮ ಬಾಗಿಲ ಮುಂದೆಯೇ ಹೋದರು. ಅನು ಕೈ ಬೀಸಿದಳು. ನಾನು ಅಕ್ಕಿ ಆರಿಸುತ್ತಿದ್ದೆ. ಕೈಯಲ್ಲಿ ಮೊರವಿತ್ತು.

ತನುಶ್ರೀ ಮೂರು ಸಲ ಫೋನು ಮಾಡಿದ್ದಳು. ಕಾರ್ಡು ಸಿಕ್ಕಿತಲ್ಲ, ಏನಾಯಿತು ಎಂದು ಕೇಳಲು ಇರಬೇಕು. ಎತ್ತಲಿಲ್ಲ. ಮೊದಲು ಎಲ್ಲ ಖಚಿತವಾಗಲಿ.

18 ನವೆಂಬರ್, ಮಂಗಳವಾರ

ಖಚಿತವಾಗಲು ಏನೂ ಉಳಿದಿಲ್ಲ. ನೆನಪಿದೆ. ನೆನಪಾಗಬಾರದೆಂದು ಇಷ್ಟು ದಿನ ಓಡಾಡಿದೆನೋ ಏನೋ.

ಅವತ್ತು ಶನಿವಾರ. ತೂಕದ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಹೊರಟೆ. ಪಟ್ಟಿಯಲ್ಲಿ ಹನ್ನೊಂದು ಹೊಸ ಸೊಸೆಯರ ಹೆಸರು, ಆ ಬೇಸಿಗೆಯಲ್ಲಿ ಮದುವೆಯಾಗಿ ಊರಿಗೆ ಬಂದವರು. ಸಂಜೆಯೊಳಗೆ ಪಟ್ಟಿ ತುಂಬಿ ಕೊಡಬೇಕು ಎಂದಿದ್ದರು. ಮೊದಲ ಮನೆಗೆ ಹೋದರೆ ಸೊಸೆ ಇಲ್ಲ. ಎರಡನೆಯ ಮನೆಯಲ್ಲೂ ಇಲ್ಲ. ಆಷಾಢ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದ ತಿಂಗಳು. ಸೊಸೆಯರೆಲ್ಲ ತವರಿಗೆ ಹೋಗಿದ್ದರು. ಊರೇನೂ ಖಾಲಿಯಿರಲಿಲ್ಲ. ನಮ್ಮೂರಿಂದ ಬೇರೆ ಊರಿಗೆ ಕೊಟ್ಟ ಹೊಸ ಹೆಣ್ಣುಮಕ್ಕಳು ಅದೇ ಕಾರಣಕ್ಕೆ ಇಲ್ಲಿಗೆ ಬಂದು ಕೂತಿದ್ದರು. ಪ್ರತಿ ಜಗುಲಿಯ ಮೇಲೂ ಅರಿಶಿನ ಆರದ ಒಂದು ತಾಳಿ.

“ಸೊಸೆ ಇಲ್ದಿದ್ರೆ ಮಗ್ಳು ಇಲ್ವಾ? ಇವ್ಳೂ ಹೊಸ ಮದ್ವಣಗಿತ್ತೀನೇ ಕಣವ್ವ, ಇವ್ಳುನ್ನೇ ಹಾಕು” ಎಂದಳು ಬೈರಮ್ಮ. ಅವಳಿಗೆ ಮಗಳನ್ನು ಯಂತ್ರದ ಮೇಲೆ ನಿಲ್ಲಿಸಿ ನೋಡುವ ಆಸೆ. ಚಂದ್ರಕಲಾ ನಿಂತಳು. ಮುಳ್ಳು ಎಪ್ಪತ್ತೊಂದಕ್ಕೆ ಹೋಯಿತು. ಪಟ್ಟಿಯಲ್ಲಿ ಆ ಮನೆಯ ಮುಂದೆ ತನುಶ್ರೀ ಎಂದಿತ್ತು. ಅದರ ಎದುರಿಗೇ ಬರೆದೆ. ಉಳಿದ ಮನೆಗಳಲ್ಲೂ ಹಾಗೇ. ಮಗಳಿದ್ದಲ್ಲಿ ಮಗಳು, ಮಗಳಿಲ್ಲದ ಎರಡು ಮನೆಯಲ್ಲಿ ಪಕ್ಕದ ಮನೆಯ ಮಗಳು. ಐದು ಗಂಟೆಗೆಲ್ಲ ಪಟ್ಟಿ ತುಂಬಿತ್ತು.

ಹೊಸ ಮದುವಣಗಿತ್ತಿ ತಾನೇ, ಯಾವಳಾದರೇನು ಎಂದುಕೊಂಡಿದ್ದೆ. ಒತ್ತಡವಿತ್ತು. ಆಷಾಢದಲ್ಲಿ ಈ ಕೆಲಸ ಇಟ್ಟುಕೊಂಡವರಿಗೆ ಬುದ್ಧಿ ಇರಲಿಲ್ಲ. ಯಾತಕ್ಕೆ ತೂಕ ಎಂದು ಅವರೂ ನನಗೆ ಬಿಡಿಸಿ ಹೇಳಿರಲಿಲ್ಲ. ಇದೆಲ್ಲವೂ ನಿಜ.

ರಂಗಸ್ವಾಮಿಗೆ ಹೇಳಿದೆ. ಕೈಯಲ್ಲಿದ್ದ ಲೋಟ ಕೆಳಗಿಟ್ಟ. ಆಮೇಲೆ, “ಎಲ್ಲಾರ್ ಮೇಲೂ ಗುಮಾನಿ ಪಟ್ಟೆ, ನಿನ್ ಮೇಲೊಂದ್ ಬುಟ್ಟು” ಎಂದ. ಅದನ್ನು ಹೇಳುವಾಗ ನಗಲಿಲ್ಲ. ಅದಕ್ಕೇ ಸಿಟ್ಟು ಮಾಡಲಾಗಲಿಲ್ಲ.

ಸಂಘದ ಅಕ್ಕನಿಗೂ ಹೇಳಿದೆ. “ಸುಮ್ನಿದ್ಬುಡು ಜಯಶೀಲಾ. ಇದು ಹೊರಗ್ ಬಂದ್ರೆ ಆಶಾಗಳು ಕೂತ್ಕಂಡು ಬರೀತಾರೆ ಅಂತ ಎಲ್ಲರ ಬಾಯಿಗೂ ಸಿಕ್ತೀವಿ. ನಿನ್ ಕೆಲ್ಸಾನೂ ಹೋಯ್ತದೆ.” ಅಕ್ಕ ಹೇಳಿದ್ದರಲ್ಲಿ ಸುಳ್ಳಿಲ್ಲ. ಸಂಘಕ್ಕಾಗಿ ಎಂದುಕೊಂಡರೆ ಸುಮ್ಮನಿರುವುದು ಸುಲಭ. ಎರಡು ಸಲ ಹಾಗೆ ಅಂದುಕೊಂಡು ನೋಡಿದೆ.

21 ನವೆಂಬರ್, ಶುಕ್ರವಾರ

ಬೆಳ್ಳೂರು ಕ್ರಾಸ್. ಹೈವೇ ಪಕ್ಕ ಹೋಟೆಲು, ಹಿಂದೆ ಮನೆ. ಚಂದ್ರಕಲಾ ಗಲ್ಲಾದಿಂದ ಎದ್ದು ಬಂದಳು. “ಬನ್ನಿ ಅಕ್ಕ, ಅಪರೂಪ. ಅವ್ವ ಕಳುಸುದ್ರಾ?”

ಇಲ್ಲ ಎಂದೆ. ಅನು ಸ್ಕೂಲಿಂದ ಬಂದಿದ್ದಳು. ಒಂದು ಬಟ್ಟಲು ಸೌತೆಕಾಯಿ ಮುಂದಿಟ್ಟುಕೊಂಡು ಕೂತಿದ್ದಳು. ಹೊರಗಿನ ಹೋಟೆಲಿನಿಂದ ವಡೆಯ ವಾಸನೆ ಬರುತ್ತಿತ್ತು.

“ಆಶಾ ದೊಡ್ಡಮ್ಮ” ಎಂದಳು. “ಇಲ್ಲಿ ದಿನಾ ತೂಕ ಹಾಕ್ತಾರೆ. ಇವತ್ತು ಕಾಲ್ ಕಿಲೋ ಕಮ್ಮಿ ಆಗದೆ. ನಲವತ್ತಕ್ಕೆ ಬಂದ್ರೆ ಅಮ್ಮುನ್ ತಾವ ಕಳುಸ್ತಾರಂತೆ.” ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಕೇಳಿದಳು, “ನೀರ್ ಕುಡುದ್ರೆ ತೂಕ ಜಾಸ್ತಿ ಆಯ್ತದಾ?”

ನೀರು ಕುಡಿ ಎಂದೆ. ನನ್ನೆದುರಿಗೇ ಒಂದು ಚೊಂಬು ಕುಡಿಸಿದೆ.

ಚಂದ್ರಕಲಾಳ ಮಗ ಒಳಗೆ ಬಂದ. ಅನುವಿನ ವಾರಿಗೆಯವನು, ಹುರುಳಿಕಾಯಿಯ ಹಾಗಿದ್ದಾನೆ. ಅವನಿಗೆ ಎರಡು ವಡೆ. ನಾನು ಅವನನ್ನೂ ಅವನ ತಾಯಿಯನ್ನೂ ನೋಡಿದೆ. ಎಪ್ಪತ್ತೊಂದು ಕಿಲೋದವಳ ಮಗ ಹೀಗೆ, ಐವತ್ತೂ ಮುಟ್ಟದವಳ ಮಗಳು ಹಾಗೆ. ಆ ಡಾಕ್ಟರು ಅವತ್ತು ಇದನ್ನೇ ಹೇಳಿದ್ದರು. ಒಂದು ಮಗುವನ್ನು ಹಿಡಿದು ಹೇಳಲು ಬರುವುದಿಲ್ಲ ಎಂದು. ಹೇಳಿದವರು ಅವರು ಎಂಬ ಕಾರಣಕ್ಕೆ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

“ಚಂದ್ರಕಲಾ, ನೀನು ಮದುವೆಯಾದ ಹೊಸತರಲ್ಲಿ ಎಷ್ಟು ತೂಕ ಇದ್ದೆ?”

ಅವಳು ಮಕ್ಕಳನ್ನು ಹೊರಗೆ ಕಳಿಸಿದಳು. “ನಿಮ್ಗೇ ಗೊತ್ತಲ್ಲಕ್ಕ. ನೀವೇ ತಾನೇ ತೂಕ ಹಾಕಿದ್ದು. ಎಪ್ಪತ್ತೊಂದು.” ತಡೆದು ಮುಂದುವರಿಸಿದಳು. “ಅವ್ವ ಅದ್ನ ಕುಸಿಯಾಗಿ ನಮ್ಮತ್ತೇಗೆ ಏಳ್ಬುಡ್ತು, ‘ನಮ್ ಎಣ್ಣು ತುಂಬಿದ್ ಮೈಯಾಕೆ’ ಅಂತ. ಆವತ್ತಿಂದ ಆ ಮನೇಲಿ ನನ್ ಎಸ್ರು ಎಪ್ಪತ್ತೊಂದು. ‘ಎಪ್ಪತ್ತೊಂದು, ನೀರ್ ತತ್ತಾ.’ ‘ಎಪ್ಪತ್ತೊಂದು, ಸೋಫಾ ಮೇಲ್ ಕೂರ್ಬ್ಯಾಡ.’ ಉಣ್ಣೋದ್ ಬುಟ್ಟೆ. ಬಿಪಿ ಇಳ್ದು ಬಿದ್ದು ಎರಡ್ ಸಲ ಗ್ಲೂಕೋಸ್ ಏರ್ಸುದ್ರು. ಅನೂಗೆ ಅಂಗಾಗ್ಬಾರ್ದು ಅಂತ್ಲೇ ಕರ್ಕಂಡ್ ಬಂದಿರೋದು. ಮದ್ವೆ ಆಗೋ ಒತ್ಗೆ ಯಾರೂ ಬೆಳ್ಳು ತೋರುಸ್ಬಾರ್ದು.”

“ಅನೂಗೆ ಅದನ್ನೇ ಅಲ್ವಾ ನೀನು ಮಾಡ್ತಿರೋದು?”

“ಗೊತ್ತಿಲ್ಲ ಅಕ್ಕ” ಎಂದಳು. ಸುಳ್ಳು ಹೇಳುವವಳ ಮುಖವನ್ನು ಹುಡುಕಿದೆ. ಸಿಗಲಿಲ್ಲ.

ನಿನ್ನ ಎಪ್ಪತ್ತೊಂದನ್ನು ತನುಶ್ರೀಯ ಹೆಸರಿಗೆ ಬರೆದವಳು ನಾನು ಎಂದು ಹೇಳಿದೆ. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಬೈಯುತ್ತಾಳೆ ಎಂದು ಕಾದೆ. ಎದ್ದು ಹೋಗಿ ಅನುಗೆ ಒಂದು ವಡೆ ಕೊಟ್ಟು ಬಂದಳು.

23 ನವೆಂಬರ್, ಭಾನುವಾರ

ಬೈರಮ್ಮನ ಮನೆಗೆ ಹೋದೆ. ಚಿಕ್ಕಸ್ವಾಮಿ ಜಗುಲಿಯಲ್ಲಿದ್ದ, ಬೈರಮ್ಮ ಅವರೆಕಾಯಿ ಸುಲಿಯುತ್ತಿದ್ದಳು, ತನುಶ್ರೀ ಬಾಗಿಲ ಒಳಗೆ ನಿಂತಿದ್ದಳು. ಹೇಳಬೇಕಾದ್ದನ್ನು ನಿಂತಲ್ಲೇ ಹೇಳಿದೆ. ಆಷಾಢ, ಪಟ್ಟಿ, ಯಂತ್ರ, ಚಂದ್ರಕಲಾ, ನನ್ನ ಕೈಬರಹ.

“ಎಪ್ಪತ್ತೊಂದು ನಿನ್ನ ಸೊಸೇದಲ್ಲ ಬೈರಮ್ಮ. ನಿನ್ನ ಮಗಳದ್ದು. ನಿನ್ನ ಜಗುಲಿ ಮೇಲೆ, ನಿನ್ನೆದುರಿಗೇ ಹಾಕಿದ್ದು.”

ಬೈರಮ್ಮ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಯಾವ್ ಆಷಾಢನೋ ಏನೋ ಕಣೆ. ನಂಗ್ ಗ್ಯಾಪಕ ಇಲ್ಲ.” ಇನ್ನೊಂದು ಕಾಯಿ ಸುಲಿದಳು. “ನಮ್ ಚಂದ್ರಿ ಯಾವತ್ತೂ ಕಡ್ಡೀನೇ.” ಆಮೇಲೆ ಕೈ ನಿಂತಿತು. ನೆನಪಿದೆ ಅವಳಿಗೆ. ನನಗೆ ನೆನಪಾದ ಹಾಗೆಯೇ, ಬೇಡವೆಂದರೂ.

ಚಿಕ್ಕಸ್ವಾಮಿ, “ಈಗೇನ್ ಮಾಡೋದು, ಟೀಸಿ ತಂದಾಯ್ತಲ್ಲ” ಎಂದ. ಅವನಿಗೆ ಕಂಡದ್ದು ಅಷ್ಟು.

ತನುಶ್ರೀ ಹೊರಗೆ ಬಂದಳು. ಅಳುತ್ತಾಳೆ, ಕೈ ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಹಿಡಿಯಲಿಲ್ಲ.

“ಯಾವತ್ತು ಗೊತ್ತಾಯ್ತು ಅಕ್ಕ ನಿಮ್ಗೆ?”

“ಹದಿನಾಲ್ಕನೇ ತಾರೀಕು.”

“ಅನು ಹೋಗಿದ್ದು ಹದಿನೇಳು.”

ಅದಕ್ಕೆ ನನ್ನ ಹತ್ತಿರ ಘೋಷಣೆ ಇರಲಿಲ್ಲ.

“ನನ್ ಫೋನ್ ಎತ್ನಿಲ್ಲ ನೀವು. ಅತ್ತೆ ಕಾಗದ ನಂಬುದ್ರು, ಅವ್ರು ಓದ್ದೋರಲ್ಲ. ನೀವು ನನ್ನ ಅವತ್ತು ಮನುಷ್ಯಳು ಅಂತ್ಲೂ ನೋಡ್ನಿಲ್ಲ. ಯಾವ್ದೋ ಒಂದ್ ಎಣ್ಣು ಬೇಕಿತ್ತು, ಸಿಕ್ತು, ಬರ್ಕಂಡ್ರಿ. ಈಗ ಮನೆ ಒಳಗ್ ಬಂದು ಏಳ್ತಾ ಇದ್ದೀರಿ. ಅಂದಿದ್ದು ಊರೆಲ್ಲ ಕೇಳದೆ. ಊರ್ ಮುಂದೆ ಯಾವಾಗ ಏಳ್ತೀರಿ?”

ಊರ ಮುಂದೆ ಎಂದರೆ ಸಂಘ, ಕೆಲಸ, ಎಲ್ಲ. ಹೇಳುತ್ತೇನೆ ಎಂದೆ. ಯಾವಾಗ ಎಂದು ಮತ್ತೆ ಕೇಳಿದಳು. ಹದಿನೈದು ವರ್ಷದಿಂದ ನಾನು ಅಧಿಕಾರಿಗಳನ್ನು ನಿಲ್ಲಿಸಿಕೊಂಡು ಕೇಳುವುದು ಹೀಗೆಯೇ. ಬರೀ ‘ಮಾಡುತ್ತೇವೆ’ ಎಂದವರನ್ನು ನಾನು ಬಿಟ್ಟುಕಳಿಸಿದ್ದಿಲ್ಲ.

26 ನವೆಂಬರ್, ಬುಧವಾರ

ಸೋಮವಾರ ತನುಶ್ರೀ ಯಾರನ್ನೂ ಕೇಳದೆ ನಾಗಮಂಗಲದ ಬಸ್ಸು ಹತ್ತಿ, ಅಲ್ಲಿಂದ ಬೆಳ್ಳೂರು ಕ್ರಾಸಿಗೆ ಹೋಗಿ ಮಗಳನ್ನು ಕರೆದುಕೊಂಡು ಬಂದಳು. ಚಂದ್ರಕಲಾ ತಡೆಯಲಿಲ್ಲವಂತೆ, ತಾನೇ ಬಸ್ಸಿನ ತನಕ ಬಂದಳಂತೆ. ಹೆಡ್‌ಮಾಸ್ಟರು ಅಪ್ಪನೂ ಸಹಿ ಹಾಕಿದರೆ ಹಾಜರಿಯಲ್ಲಿ ಹೆಸರು ಸೇರಿಸುತ್ತೇನೆ ಎಂದಿದ್ದಾರೆ. ಚಿಕ್ಕಸ್ವಾಮಿ ಊರವರು ಏನನ್ನುತ್ತಾರೋ ನೋಡಿಕೊಂಡು ಹಾಕುತ್ತಾನಂತೆ. ಹೆಸರಿಲ್ಲದಿದ್ದರೂ ಅನು ದಿನಾ ಶಾಲೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಾಳೆ.

ಉಳಿದ ಹತ್ತು ಮನೆಗೂ ಹೋದೆ. ಮೂವರು ಬೈದರು. ಒಬ್ಬಳು ನಕ್ಕಳು. ಚೀಟಿಯಲ್ಲಿ ಮೂವತ್ತೊಂಬತ್ತು ಎಂದಿದ್ದ ಒಬ್ಬಳು, “ನಿನ್ ಮೈಯಲ್ಲಿ ಏನೂ ಇರ್ನಿಲ್ಲ, ಅದ್ಕೇ ಮಗ ಮಂಕು” ಎಂದು ಗಂಡ ದಿನಾ ಅನ್ನುತ್ತಿದ್ದನೆಂದು ಹೇಳಿ, ಬಾಗಿಲು ಹಾಕಿಕೊಂಡಳು. ಅವಳ ಮನೆಗೆ ಇವತ್ತು ಮತ್ತೆ ಹೋದೆ. ತೆಗೆದಳು.

ಡಾಕ್ಟರ್ ರಘುನಂದನ್‌ಗೆ ಬರೆದು ಕೊಟ್ಟೆ. ಕ್ಯಾತನಹಳ್ಳಿಯ ಹನ್ನೊಂದೂ ತೂಕ ಸುಳ್ಳು, ತೆಗೆದುಹಾಕಿ, ಬರೆದವಳು ನಾನು. ಎರಡು ಸಲ ಓದಿದರು. ಆಮೇಲೆ, ಪ್ರತಿಯೊಬ್ಬಳ ತಾಯಿ ಕಾರ್ಡನ್ನೂ ತವರಿಂದ ತರಿಸಿದರೆ ಮೊದಲ ತಿಂಗಳುಗಳ ತೂಕವಾದರೂ ಸಿಗುತ್ತದೆ, ಅದು ಬಸುರಾಗುವ ಮುಂಚಿನದಲ್ಲ, ಅಂದಾಜಿಗೆ ಮಾತ್ರ ಎಂದರು. ಅಂದಾಜು ಎಂದು ಚೀಟಿಯಲ್ಲೇ ದೊಡ್ಡದಾಗಿ ಬರೆಯಬೇಕು ಎಂದೆ. ಬರೆಯೋಣ ಎಂದರು. ತಾಯಿಯ ತೂಕ ತಾಯಿಯ ಕೈಗೆ ಮಾತ್ರ ಎಂದೆ. ಸರಿ ಎಂದರು. ಈ ಸಲವಾದರೂ ಅಪ್ಪಂದಿರನ್ನು ತೂಕಕ್ಕೆ ಹತ್ತಿಸಿ ಎಂದೆ. ಮೆಹನಾಜ್, “ಅದು ನಂಗೆ ಬಿಡಿ ಅಕ್ಕಾ” ಎಂದಳು. ಆ ನಂಟು ನಿಜವಾಗಿ ಇದೆಯೋ ಇಲ್ಲವೋ ಎಂದು ನಾನೇ ಕೇಳಿದೆ. ಇನ್ನೂ ಗೊತ್ತಿಲ್ಲ, ಅದಕ್ಕೇ ಸರಿಯಾದ ತೂಕ ಬೇಕು ಎಂದರು. ಕೂತೇ ಮಾತಾಡಿದೆವು. ಟೀ ಬಂದಿತ್ತು. ಕುಡಿದೆನೆಂದು ಈಗ ಬರೆಯುವಾಗ ಗೊತ್ತಾಗುತ್ತಿದೆ.

ಸಂಘದ ಅಕ್ಕ ಇನ್ನೂ ಸಿಟ್ಟಿನಲ್ಲಿದ್ದಾರೆ. ಊರ ಮುಂದೆ ಹೇಳುವ ಸಭೆಗೆ ಬರುವುದಿಲ್ಲ ಎಂದರು. ಆರೋಗ್ಯ ಕೇಂದ್ರದಿಂದ ಕಾರಣ ಕೇಳುವ ಕಾಗದ ಬರುತ್ತದೆ. ಬರಲಿ.

ಸಭೆಯ ಕರಪತ್ರ ನಾನೇ ಬರೆದೆ. ಇಷ್ಟು ವರ್ಷ ಇಂಥವರ ವಿರುದ್ಧ ಎಂದು ಶುರುವಾಗುತ್ತಿದ್ದ ಸಾಲಿನಲ್ಲಿ ಈ ಸಲ ನನ್ನ ಹೆಸರು, ಗಂಡನ ಹೆಸರು, ಊರು. ತನುಶ್ರೀ ಓದಿ ಒಂದು ಪದ ಹೊಡೆದು ಹಾಕಿದಳು. ‘ಅಚಾತುರ್ಯದಿಂದ’ ಎಂದು ಬರೆದಿದ್ದೆ. ಹನ್ನೊಂದು ಸೊಸೆಯರೂ ಬರಬೇಕು, ಅವರ ಅತ್ತೆಯರೂ ಬರಬೇಕು, ಅಂದು ಜಗುಲಿಯ ಮೇಲೆ ತೂಕಕ್ಕೆ ನಿಂತ ಹೆಣ್ಣುಮಕ್ಕಳೂ ಬರಬೇಕು ಎಂದಳು. ಚಂದ್ರಕಲಾ ಬರುತ್ತೇನೆ ಎಂದಿದ್ದಾಳೆ. ಬೈರಮ್ಮ ಏನೂ ಹೇಳಿಲ್ಲ. ಮುಂದಿನ ಸಾಲಿನಲ್ಲಿ ಅವಳಿಗೊಂದು ಕುರ್ಚಿ ಹಾಕಿಸುತ್ತೇನೆ. ನಾನು ಎದುರಿಗೆ ನಿಲ್ಲುತ್ತೇನೆ. ಎಲ್ಲರೂ ಕೇಳುವುದು ಮುಗಿಯುವ ತನಕ ಕೂರುವುದಿಲ್ಲ.

ಭಾನುವಾರ, ನವೆಂಬರ್ ಮೂವತ್ತು. ಬೆಳಿಗ್ಗೆ ಹತ್ತೂವರೆ. ಕ್ಯಾತನಹಳ್ಳಿ ರಾಮಮಂದಿರದ ಮುಂದೆ.